ಅಂಗಿ ಹರಿಹರದ್ದು, ಅಂಗಡಿ ಯಾರದ್ದು?

ಸಿನಿಮಾ ಬಿಡುಗಡೆಯಾದ ದಿನ ಮಧ್ಯಾಹ್ನದೊಳಗೆ ವಿಮರ್ಶೆ ಬರ್ತದೆ. ಹೊಸ ಮೊಬೈಲ್ ಬಂದರೆ ಡಬ್ಬ ಬಿಚ್ಚೋದನ್ನೂ ವಿಡಿಯೋ ಮಾಡ್ತೀವಿ. ಆದರೆ ನಮ್ಮ ಊರಿನವರು ಸಾಮಾನು ಹಿಡ್ಕೊಂಡು ಮಾರೋಕೆ ಹೋಗುವ ಆನ್‌ಲೈನ್ ಸಂತೆಯ ಬಗ್ಗೆ ಕನ್ನಡದಲ್ಲಿ ಹುಡುಕಿ ನೋಡಿ. 'ಮನೆಯಲ್ಲೇ ಕೂತು ಸಾವಿರಾರು ರೂಪಾಯಿ ಗಳಿಸಿ', 'ಬಂಡವಾಳವೇ ಇಲ್ಲದ ಬಿಸಿನೆಸ್' ಅನ್ನೋ ವಿಡಿಯೋಗಳೇ ಸಾಲಾಗಿ ಬರ್ತವೆ. ಹೇಳೋನ ಹಿಂದೆ ನೀಲಿ ಲೈಟು, ಮುಂದೆ ಮೈಕು. ಸಂತೆ ಹೇಗಿದೆ, ಕಟ್ಟೆ ಯಾರದ್ದು, ಮಾಲು ವಾಪಸ್ ಬಂದರೆ ಹೊರೋರು ಯಾರು ಅಂತ ಯಾರೂ ಹೇಳಲ್ಲ.

ನನಗೆ ಈ ಪ್ರಶ್ನೆ ತಂದವಳು ಚಿಕ್ಕಪ್ಪನ ಮಗಳು. ಹರಿಹರದ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಕ್ಷರ ಬರೆಯೋದರಲ್ಲಿ ಅವಳದ್ದು ಒಳ್ಳೇ ಕೈ. ತುಂಗಭದ್ರೆ, ಹರಿಹರೇಶ್ವರನ ಗುಡಿಯ ಕಂಬಗಳು, ಮಂಡಕ್ಕಿ-ಮೆಣಸಿನಕಾಯಿ, ಬೆಣ್ಣೆದೋಸೆ, ಇವನ್ನೆಲ್ಲ ಅಕ್ಷರದ ಜೊತೆ ಸೇರಿಸಿ ಹನ್ನೆರಡು ಚಿತ್ರ ಮಾಡಿಟ್ಟಿದ್ದಾಳೆ. ಟೀ ಶರ್ಟು, ಕಪ್ಪು, ಬಟ್ಟೆ ಚೀಲದ ಮೇಲೆ ಹಾಕಿ ಮಾರಬೇಕು ಅನ್ನೋದು ಆಸೆ. ಕೈಲಿರೋದು ಮಹಿಳಾ ಸಂಘದಲ್ಲಿ ಕೂಡಿಟ್ಟ ನಲವತ್ತು ಸಾವಿರ. "ಯಾವುದ್ರಾಗೆ ಹಾಕ್ಲಿ ಅಣ್ಣ? ನೀನು ಸಾಫ್ಟ್‌ವೇರ್‌ನಾಗೆ ಇದೀಯಲ್ಲ, ನೋಡಿ ಹೇಳು" ಅಂದಳು. ಸಾಫ್ಟ್‌ವೇರ್‌ನಲ್ಲಿರೋರಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಎಲ್ಲಾ ಗೊತ್ತು ಅಂತ ನಮ್ಮ ಮನೆಯವರ ನಂಬಿಕೆ, ಇರಲಿ.

ನೋಡಿದೆ. ನೋಡಿದ್ದನ್ನ ವಿಮರ್ಶೆ ಥರ ಬರೀತಿದೀನಿ. ಯಾಕಂದ್ರೆ ಆನ್‌ಲೈನ್ ಸಂತೆ ಕೂಡ ಯಾರೋ ಕೂತು ಬರೆದ ಕೃತಿಯೇ. ಅದರೊಳಗೆ ಯಾರ ಅನುಕೂಲ ಮೊದಲು, ಯಾರದ್ದು ಕೊನೆಗೆ ಅಂತ ಸಾಲು ಸಾಲಿನಲ್ಲೂ ಇರ್ತದೆ.

ಗೊತ್ತಿಲ್ಲದವರಿಗೆ ಒಂದೇ ಮಾತು. ಪ್ರಿಂಟ್ ಆನ್ ಡಿಮ್ಯಾಂಡ್ ಅಂದರೆ ಆರ್ಡರ್ ಬಂದ ಮೇಲೆ ಒಂದೊಂದೇ ಅಚ್ಚು ಹಾಕೋದು. ಚಿತ್ರ ನಿಮ್ಮದು, ಖಾಲಿ ಅಂಗಿ ಮತ್ತು ಮಷೀನು ಇನ್ನೊಬ್ಬರದ್ದು, ಗಿರಾಕಿ ಮೂರನೆಯವರ ವೆಬ್‌ಸೈಟಿನವನು. ಸ್ಟಾಕ್ ಇಡೋ ತಲೆನೋವಿಲ್ಲ ಅನ್ನೋದೇ ಇದರ ದೊಡ್ಡ ಗುಣ.

ಮೊದಲು ಫಾರಿನ್ ಅಂಗಡಿಗಳು. ರೆಡ್‌ಬಬಲ್ 2006ರಲ್ಲಿ ಮೆಲ್ಬೋರ್ನ್‌ನಲ್ಲಿ ಶುರುವಾದದ್ದು. ಚಿತ್ರ ಏರಿಸಿದರೆ ಸಾಕು, ಅಚ್ಚು, ಪ್ಯಾಕಿಂಗು, ಸಾಗಣೆ ಎಲ್ಲಾ ಅವರದ್ದೇ. ಕೇಳೋಕೆ ಸ್ವರ್ಗ. ಆದರೆ 2023ರಿಂದ ಮಾರುವವರನ್ನು ದರ್ಜೆ ದರ್ಜೆಯಾಗಿ ಬೇರೆ ಮಾಡಿ, ಕೆಳಗಿನ ದರ್ಜೆಯವರ ಗಳಿಕೆಯಲ್ಲೇ ತಿಂಗಳ ಫೀಸು ಮುರ್ಕೊಳ್ಳೋಕೆ ಶುರುಮಾಡಿದರು. ಹೊಸಬರು ಇರೋದೇ ಕೆಳಗಿನ ದರ್ಜೆಯಲ್ಲಿ. ಅಮೆಜಾನಿನ 'ಮರ್ಚ್' 2015ರಲ್ಲಿ ಬಂತು. ಅರ್ಜಿ ಹಾಕಿ ಕಾಯಬೇಕು, ಒಳಗೆ ಬಿಟ್ಟ ಮೇಲೂ ಮೊದಲಿಗೆ ಇಷ್ಟೇ ಚಿತ್ರ ಅಂತ ಮಿತಿ. ಮಾರೋದು ಅಮೆರಿಕ, ಬ್ರಿಟನ್, ಜರ್ಮನಿ, ಜಪಾನ್ ಇಂಥ ಕಡೆ. ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ನಿಂತಿರೋ ಹುಡುಗ ಅಲ್ಲಿಂದ ಅಂಗಿ ತರಿಸ್ಕೊಳ್ಳೋ ಮಾತೇ ಇಲ್ಲ. ಎಟ್ಸಿ ಸ್ವಲ್ಪ ಬೇರೆ ಜಾತಿ. ಒಂದು ಸಾಮಾನು ಪಟ್ಟಿಗೆ ಹಾಕೋಕೆ 20 ಸೆಂಟ್, ಅದು ನಾಲ್ಕು ತಿಂಗಳಿಗೆ. ಮಾರಾಟವಾದರೆ 6.5%, ಮೊದಲು 5% ಇದ್ದದ್ದನ್ನು 2022ರ ಏಪ್ರಿಲ್‌ನಲ್ಲಿ ಏರಿಸಿದರು. ಯಾರ ಹತ್ತಿರ ಅಚ್ಚು ಹಾಕಿಸ್ತೀರಿ ಅಂತ ಬಹಿರಂಗವಾಗಿ ಹೇಳಬೇಕು. ಆ ಕೊನೇ ನಿಯಮ ನನಗೆ ಹಿಡಿಸಿತು. ಗಿರಾಕಿಗೆ ತಾನು ಯಾರಿಂದ ಕೊಳ್ತಿದೀನಿ ಅನ್ನೋದು ಒಂಚೂರಾದರೂ ತಿಳೀತದೆ.

ಇವುಗಳಿಂದ ನಮಗೆ ಉಪಯೋಗವೇ ಇಲ್ಲ ಅಂತಲ್ಲ. ಡಲ್ಲಾಸ್‌ನಲ್ಲೋ ಲಂಡನ್‌ನಲ್ಲೋ ಇರೋ ಕನ್ನಡದ ಮನೆಗಳಿಗೆ ಯುಗಾದಿ, ರಾಜ್ಯೋತ್ಸವಕ್ಕೆ ಕನ್ನಡದ ಅಂಗಿ ಬೇಕು, ಅವರು ಡಾಲರ್‌ನಲ್ಲಿ, ಪೌಂಡ್‌ನಲ್ಲಿ ಕೊಡ್ತಾರೆ. ಆದರೆ ಅವರು 'ಕನ್ನಡ' ಅಂತ ಹುಡುಕಿದಾಗ ಮೊದಲು ಸಿಗೋದು ಏನು? ಯಾವುದೋ ದೇಶದ ಯಾರೋ ಹಳದಿ-ಕೆಂಪು ಬಣ್ಣ ಬಳಿದು ಏರಿಸಿದ ನೂರು ಸಾಮಾನು.

ಇದು ಬರೀ ಗೊಣಗಾಟ ಅಲ್ಲ, ನಡೆದ ಕಥೆ ಇದೆ. 2021ರ ಜೂನ್ ಮೊದಲ ವಾರ ನೆನಪಿದೆಯಾ? 3ನೇ ತಾರೀಕು ಗೂಗಲ್‌ನಲ್ಲಿ ಭಾರತದ ಕುರೂಪ ಭಾಷೆ ಯಾವುದು ಅಂತ ಕೇಳಿದರೆ ಕನ್ನಡ ಅಂತ ಉತ್ತರ ಬಂದು ದೊಡ್ಡ ಗಲಾಟೆ ಆಯ್ತು, ಗೂಗಲ್ ಕ್ಷಮೆ ಕೇಳಿತು. ಅದಾಗಿ ಎರಡೇ ದಿನಕ್ಕೆ ಅಮೆಜಾನಿನ ಕೆನಡಾ ಸೈಟಿನಲ್ಲಿ ಕನ್ನಡ ಬಾವುಟದ ಬಣ್ಣ ಮತ್ತು ರಾಜ್ಯ ಲಾಂಛನ ಇರೋ ಬಿಕಿನಿ ಮಾರಾಟಕ್ಕಿತ್ತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಆ ಸಾಮಾನನ್ನು ತೆಗೆದರು. ಬಹಳ ಜನ ಅದನ್ನು ಕನ್ನಡದ ಮೇಲಿನ ದ್ವೇಷ ಅಂದರು. ನನಗೆ ಹಾಗನ್ನಿಸಲ್ಲ. ದ್ವೇಷ ಮಾಡೋಕಾದರೂ ಕನ್ನಡ ಅಂತ ಒಂದಿದೆ ಅನ್ನೋದು ಗೊತ್ತಿರಬೇಕು. ಜಗತ್ತಿನ ಬಾವುಟಗಳ ಒಂದು ಫೋಲ್ಡರ್, ಬಟ್ಟೆಗಳ ಒಂದು ಫೋಲ್ಡರ್, ನಡುವೆ ಒಂದು ಲೂಪ್. ಪ್ರೋಗ್ರಾಂ ಬರೆಯೋ ಯಾವನಿಗಾದರೂ ಇದು ಕಣ್ಣಿಗೆ ಕಾಣ್ತದೆ. 2017ರ ಜನವರಿಯಲ್ಲಿ ಅದೇ ಕೆನಡಾ ಸೈಟಿನಲ್ಲಿ ಭಾರತದ ತ್ರಿವರ್ಣ ಕಾಲೊರಸುವಾಗಿ ಬಂದು ಸುಷ್ಮಾ ಸ್ವರಾಜ್ ಗದರಿಸಿದ್ದೂ ಇದೇ ಥರದ ಕಥೆ ಅಂತ ನನ್ನ ಅನಿಸಿಕೆ. 2013ರಲ್ಲಂತೂ ಸಾಲಿಡ್ ಗೋಲ್ಡ್ ಬಾಂಬ್ ಅನ್ನೋ ಕಂಪನಿ 'ಕೀಪ್ ಕಾಮ್' ಸಾಲಿಗೆ ಪದಪಟ್ಟಿಯಿಂದ ಕ್ರಿಯಾಪದಗಳನ್ನು ಪ್ರೋಗ್ರಾಂ ಮೂಲಕ ಜೋಡಿಸಿ, ಅತ್ಯಾಚಾರಕ್ಕೆ ಕರೆ ಕೊಡೋ ಟೀ ಶರ್ಟುಗಳು ಅಮೆಜಾನಿನ ಬ್ರಿಟನ್ ಸೈಟಿನಲ್ಲಿ ಕೂತಿದ್ದವು. ಕಂಪನಿಯೇ ಕ್ಷಮೆ ಕೇಳಿ, ಇದು ಕಂಪ್ಯೂಟರ್ ಜೋಡಿಸಿದ್ದು ಅಂತ ವಿವರಿಸಿತು. ಆ ಅಂಗಿಗಳನ್ನು ಯಾರೂ ಹೊಲಿದಿರಲಿಲ್ಲ, ಯಾರೂ ಓದಿಯೂ ಇರಲಿಲ್ಲ.

ನನ್ನ ತಕರಾರು ಇಲ್ಲೇ ಇರೋದು. ಈ ಸಂತೆಗಳು ಮಾಲನ್ನು ಓದೋದಿಲ್ಲ. ಅವಕ್ಕೆ ನನ್ನ ತಂಗಿಯ ಚಿತ್ರ ಒಂದು ಫೈಲು, ಲೂಪಿನಿಂದ ಬಂದದ್ದೂ ಒಂದು ಫೈಲು. ಅವಳು ವಾರಗಟ್ಟಲೆ ಕೂತು ಒಂದು ಬರೆದರೆ ಅವನು ಒಂದು ರಾತ್ರಿಯಲ್ಲಿ ಹತ್ತು ಸಾವಿರ ಏರಿಸ್ತಾನೆ. ಈಗ ಎಐ ಬಂದ ಮೇಲಂತೂ ಕೇಳೋದೇ ಬೇಡ. ಆ ಪಟ್ಟಿಯಲ್ಲಿ ಎಂಟನೇ ಪುಟಕ್ಕೆ ಹೋದ ಅಂಗಿ ತುಂಗಭದ್ರೆಗೆ ಬಿಟ್ಟ ಹಾಗೆ.

ಹಾಗಾದರೆ ನಮ್ಮ ದೇಶದ ಅಂಗಡಿಗಳು? ಫ್ಲಿಪ್‌ಕಾರ್ಟ್ 2020ರ ಜೂನ್‌ನಲ್ಲಿ ಕನ್ನಡದ ಮುಖ ಹಾಕ್ಕೊಂಡಿತು, ಅಮೆಜಾನ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಸಂತೋಷ. ಆದರೆ ಆ ಕನ್ನಡ ಕೊಳ್ಳೋನಿಗೆ ಅಂತ ಇಟ್ಟದ್ದು. ಕನ್ನಡದ ಅಕ್ಷರವನ್ನೇ ಸಾಮಾನು ಮಾಡಿಕೊಂಡು ಮಾರೋಕೆ ಹೋದರೆ ಮರ್ಯಾದೆ ಬೇರೆ. ಪುಸ್ತಕದ ಕಡೆ ಒಮ್ಮೆ ನೋಡಿ. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆಗೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಅದಕ್ಕೂ ಎಂಟು ವರ್ಷ ಮೊದಲೇ, 2008ರಲ್ಲಿ, ಬೆಂಗಳೂರಿನಲ್ಲಿ ಪೋಥಿ ಡಾಟ್ ಕಾಮ್ ಶುರುವಾಗಿ ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಕೊಡ್ತಿತ್ತು. ದೊಡ್ಡ ಅಂಗಡಿ ಬಾಗಿಲು ತೆಗೆಯೋಕೆ ಕಾಯಬೇಕಾದ ಅಗತ್ಯ ಇರಲಿಲ್ಲ ಅಂತ ಹೇಳೋಕೆ ಇಷ್ಟು ಹೇಳಿದೆ.

ಈಗ ದುಡ್ಡಿನ ಮಾತು. ನನ್ನ ಪ್ರಕಾರ ವಿಷಯದ ಹೊಟ್ಟೆ ಇರೋದು ಇಲ್ಲಿ. ಲೆಕ್ಕಕ್ಕೆ ಒಂದು ಅಂಗಿ ಇಟ್ಟುಕೊಳ್ಳಿ. ಬೆಲೆ 499. ಅದರಲ್ಲಿ 5% ಜಿಎಸ್‌ಟಿ ಸೇರಿದೆ, ಅಂದರೆ ಸುಮಾರು 24 ರೂಪಾಯಿ ಸರ್ಕಾರದ್ದು. ಉಳೀತು 475. ಖಾಲಿ ಅಂಗಿ, ಅಚ್ಚು ಸೇರಿ 250. ಅಂಗಡಿಯ ಕಮಿಷನ್ನು, ಫಿಕ್ಸೆಡ್ ಫೀಸು, ಸಾಗಣೆ ಎಲ್ಲಾ ಕೂಡಿ 130 ಅಂತ ಹಿಡೀರಿ. ಕೈಗೆ ಬಂದದ್ದು 95. ಕೆಟ್ಟದ್ದಲ್ಲ. ಈಗ ಇನ್ನೊಬ್ಬ ಕ್ಯಾಶ್ ಆನ್ ಡೆಲಿವರಿ ಹಾಕ್ತಾನೆ. ಅಂಗಿ ಅಚ್ಚಾಯ್ತು, ಹೋಯ್ತು. ಕೊರಿಯರ್ ಹುಡುಗ ಬಾಗಿಲಿಗೆ ಹೋದಾಗ 'ಬೇಡ' ಅಂದ. ಅಥವಾ ಫೋನೇ ಎತ್ತಲಿಲ್ಲ. ಅಂಗಿ ವಾಪಸ್. 250 ಹೋಯ್ತು, ಹೋಗಿ ಬರೋ ಖರ್ಚು 120 ಅಂದ್ಕೊಳ್ಳಿ, ಒಟ್ಟು 370. ನಾಲ್ಕು ಅಂಗಿ ಮಾರಿ ಬಂದ ಲಾಭ 380. ಅಂದರೆ ಐದಕ್ಕೆ ಒಂದು ವಾಪಸ್ ಬಂದರೆ, ಐದು ಅಂಗಿಯ ಮೇಲೆ ಉಳಿಯೋದು ಹತ್ತು ರೂಪಾಯಿ. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ.

ಸ್ಟಾಕ್ ಇಟ್ಟು ಮಾರೋನಿಗೆ ಈ ಕಷ್ಟ ಅರ್ಧ. ವಾಪಸ್ ಬಂದ ಬಿಳಿ ಅಂಗಿಯನ್ನು ಮಡಚಿ ಮುಂದಿನವನಿಗೆ ಕಳಿಸ್ತಾನೆ, ಅವನಿಗೆ ದಿನಕ್ಕೆ ನೂರು ಆರ್ಡರ್ ಇರ್ತದೆ. ಒಂದೊಂದೇ ಅಚ್ಚು ಹಾಕಿಸೋಳ ಹತ್ತಿರ 'ಎಕ್ಸೆಲ್ ಸೈಜು, ಮೆರೂನ್ ಬಣ್ಣ, ಮಂಡಕ್ಕಿ ಚಿತ್ರ' ಮತ್ತೆ ಇನ್ನೊಬ್ಬ ಕೇಳೋದು ಯಾವತ್ತೋ. ಅಂದರೆ 'ಬೇಡಿಕೆ ಬಂದ ಮೇಲೆ ತಯಾರಿ' ಮತ್ತು 'ಬಾಗಿಲಲ್ಲಿ ಮನಸ್ಸು ಬದಲಿಸೋ ಸ್ವಾತಂತ್ರ್ಯ' ಇವೆರಡೂ ಒಂದೇ ಕಡೆ ಹೊಂದೋದೇ ಇಲ್ಲ. ನಮ್ಮಪ್ಪ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ತರ್ತಿದ್ದರು. ದರ ಕಡಿಮೆ ಸಿಕ್ಕಿದ್ದುಂಟು, ತೂಕದಲ್ಲಿ ಜಗಳ ಆಗಿದ್ದುಂಟು. ಆದರೆ ತೂಕ ಆಗಿ ಚೀಟಿ ಬರೆದ ಮೇಲೆ, ಹತ್ತು ದಿನ ಬಿಟ್ಟು ಖರೀದಿದಾರ ಚೀಲ ಹೊತ್ತು ತಂದು 'ಗೌಡ್ರೇ, ಬಣ್ಣ ಯಾಕೋ ಮನಸಿಗೆ ಬರ್ಲಿಲ್ಲ' ಅಂದದ್ದನ್ನು ನಾನು ಕಂಡಿಲ್ಲ.

ಮೀಶೋ 2021ರಲ್ಲಿ ಕಮಿಷನ್ ಸೊನ್ನೆ ಅಂತ ಘೋಷಿಸಿತು. ವಿಡಿಯೋದವರು ಇದನ್ನೇ ಹಿಡ್ಕೊಂಡು ಕುಣೀತಾರೆ. ಮೇಲಿನ ಲೆಕ್ಕ ಮತ್ತೆ ನೋಡಿ, ಕೊಲ್ಲೋದು ಕಮಿಷನ್ ಅಲ್ಲ. ಅಲ್ಲದೆ ಅಲ್ಲಿ ಗಿರಾಕಿ ಬರೋದೇ ಕಡಿಮೆ ದರಕ್ಕೆ. ಇನ್ನೂರು ರೂಪಾಯಿ ಅಂಗಿಯ ಪಕ್ಕದಲ್ಲಿ ಐನೂರರ ಅಂಗಿ ನಿಂತರೆ, ಆ ಅಕ್ಷರ ಕೈಯಲ್ಲಿ ಬರೆದದ್ದು ಅಂತ ಯಾರಿಗೆ ಹೇಳೋದು?

ತೆರಿಗೆ ವಿಷಯವನ್ನ ಜನ ಕೊನೆಗೆ ಕೇಳ್ತಾರೆ, ಮೊದಲು ಕೇಳಬೇಕು. ಕರ್ನಾಟಕದಲ್ಲಿ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷದ ತನಕ ಜಿಎಸ್‌ಟಿ ನೋಂದಣಿ ಬೇಡ. ಆದರೆ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೆ ಒಂದು ಅಂಗಿಗೂ ನೋಂದಣಿ ಬೇಕು ಅಂತಿತ್ತು. ಅದೇ ಅಂಗಿ ಮಂಡಿಪೇಟೆಯ ಅಂಗಡಿಯಲ್ಲಿಟ್ಟು ಮಾರಿದರೆ ಬೇಡ! ಈ ಅನ್ಯಾಯ 2023ರ ಅಕ್ಟೋಬರ್ 1ರಿಂದ ಅರ್ಧ ಸರಿಹೋಯ್ತು. ಸಣ್ಣವರು ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ಮಾರಬಹುದು, ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಹೈದರಾಬಾದಿನಲ್ಲಿರೋ ಹರಿಹರದ ಹುಡುಗಿ ಒಂದು ಅಂಗಿ ಕೇಳಿದರೂ ರಾಜ್ಯ ದಾಟಿತು, ವಿನಾಯಿತಿ ಮುಗೀತು. ಸ್ವಂತ ವೆಬ್‌ಸೈಟಿನಿಂದ ಕಳಿಸಿದರೂ ರಾಜ್ಯ ದಾಟೋ ಸರಕಿಗೆ ನೋಂದಣಿ ಬೇಕೇ ಬೇಕು. ಇನ್ನು ಅಚ್ಚು ಹಾಕೋರಿಗೆ ನೀವು ಜಿಎಸ್‌ಟಿ ಕೊಟ್ಟೇ ಇರ್ತೀರಿ, ನಿಮ್ಮ ಹೆಸರಲ್ಲಿ ನಂಬರ್ ಇಲ್ಲದಿದ್ದರೆ ಅದು ವಾಪಸ್ ಲೆಕ್ಕಕ್ಕೆ ಬರಲ್ಲ.

ಇಲ್ಲೊಂದು ಮನೆಯ ರಾಜಕೀಯವೂ ಇದೆ. ನೋಂದಣಿ ಅಂದ ತಕ್ಷಣ ಮನೆಯಲ್ಲಿ "ಭಾವನ ಹೆಸರಲ್ಲಿ ಮಾಡಿಸಿಬಿಡ್ರಿ, ಅವರಿಗೆ ಆಡಿಟರ್ ಗೊತ್ತಿದ್ದಾರೆ" ಅಂದರು. ತಂಗಿ ಒಪ್ಪಲಿಲ್ಲ. "ಚಿತ್ರ ನಂದು, ದುಡ್ಡು ಸಂಘದ್ದು, ಹೆಸರು ಅವರದ್ಯಾಕೆ?" ಅಂದಳು. ಅವಳ ಮಾತೇ ಸರಿ. ಮಾರುಕಟ್ಟೆಯ ಖಾತೆ, ಬ್ಯಾಂಕು, ಜಿಎಸ್‌ಟಿ ಮೂರೂ ಒಂದೇ ಹೆಸರಲ್ಲಿ ಇರಬೇಕು, ಆಮೇಲೆ ಬದಲಿಸ್ತೀನಿ ಅಂದರೆ ಸುಲಭ ಅಲ್ಲ. ಯಾವ ಅಂಗಡಿ ಅನ್ನೋದಕ್ಕಿಂತ ಯಾರ ಹೆಸರು ಅನ್ನೋದು ದೊಡ್ಡ ಆಯ್ಕೆ, ಅದನ್ನ ಯಾವ ವಿಡಿಯೋದಲ್ಲೂ ಕೇಳಲಿಲ್ಲ.

ಇನ್ನು ಅಕ್ಷರ. ನಿಮ್ಮ ಆಫೀಸಿನಲ್ಲಿ ನವೆಂಬರ್ 1ಕ್ಕೆ ಹಂಚಿದ ಟೀ ಶರ್ಟ್ ಬೀರುವಿನಿಂದ ತೆಗೆದು ನೋಡಿ. ಒತ್ತಕ್ಷರ ಸರಿಯಾಗಿ ಕೂತಿದೆಯಾ? ನಾನು ಕಂಡ ಎಷ್ಟೋ ಅಂಗಿಗಳಲ್ಲಿ 'ಕನ್ನಡ'ದ ನ-ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತು 'ಕನ್‌ನಡ' ಆಗಿರ್ತದೆ. ಕಾರಣ ಕಗ್ಗಂಟಲ್ಲ. ಕನ್ನಡದಲ್ಲಿ ಅಕ್ಷರಗಳನ್ನು ಜೋಡಿಸೋಕೆ ತಂತ್ರಾಂಶಕ್ಕೆ ಒಂದು ಎಂಜಿನ್ ಬೇಕು. ಫೋಟೋಶಾಪ್, ಇಲಸ್ಟ್ರೇಟರ್‌ನಲ್ಲಿ ಅದು ಇದೆ, ಆದರೆ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡಬೇಕು. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್ ಜಾಗಕ್ಕೆ ಅಂಟಿಸಿದರೆ ಇಂಗ್ಲಿಷ್ ಚಿಹ್ನೆಗಳ ಕಸ ಬರ್ತದೆ. ವೆಬ್‌ಸೈಟಿನೊಳಗೇ 'ಇಲ್ಲಿ ಬರೆಯಿರಿ, ಅಂಗಿ ಮೇಲೆ ನೋಡಿ' ಅನ್ನೋ ಡಿಸೈನ್ ಪೆಟ್ಟಿಗೆಗಳನ್ನು ನಂಬಲೇಬೇಡಿ. ಪರದೆಯಲ್ಲಿ ಸರಿ ಇದ್ದದ್ದು ಅಚ್ಚಿನಲ್ಲಿ ಒಡೆಯಬಹುದು. ಮತ್ತೆ ಆ ಕಡೆ ಮಷೀನಿನ ಹತ್ತಿರ ನಿಂತವನಿಗೆ ಕನ್ನಡ ಬರಲ್ಲ, ಅವನಿಗೆ ಅದು ಸರಿ ತಪ್ಪು ಎರಡೂ ಒಂದೇ ಆಕಾರ.

ತಂಗಿಗೆ ಹೇಳಿದ್ದು ಇಷ್ಟೇ: ಅಕ್ಷರವನ್ನು ಔಟ್‌ಲೈನ್ ಮಾಡಿ ಚಿತ್ರವಾಗಿಯೇ ಕಳಿಸು. ಹಿನ್ನೆಲೆ ಇಲ್ಲದ ಪಿಎನ್‌ಜಿ, ಇಂಚಿಗೆ 300 ಚುಕ್ಕೆ. 12 ಇಂಚು ಅಗಲ, 16 ಇಂಚು ಎತ್ತರದ ಅಚ್ಚಿಗೆ 3600 × 4800 ಪಿಕ್ಸೆಲ್. ಫಾಂಟ್ ಬೇಕಾದರೆ ಗೂಗಲ್ ಫಾಂಟ್ಸ್‌ನಲ್ಲಿರೋದನ್ನ ಮುಕ್ತ ಪರವಾನಗಿಯಲ್ಲಿ ಅಂಗಿ ಮೇಲೂ ಬಳಸಬಹುದು. ಬಾಲೂ ತಮ್ಮ ಇದೆ, ಅಕಾಯ ಕನ್ನಡಕ ಇದೆ, 'ಬೆಣ್ಣೆ' ಅಂತಲೇ ಒಂದು ಫಾಂಟ್ ಇದೆ, ನಮ್ಮೂರಿನವರು ಬಿಡೋ ಹಾಗೇ ಇಲ್ಲ! ಸಿನಿಮಾ ಡೈಲಾಗು, ನಟರ ಮುಖ, ರಾಜ್ಯ ಲಾಂಛನ ಮಾತ್ರ ಮುಟ್ಟಬೇಡ ಅಂದೆ. ಮೊದಲೆರಡಕ್ಕೆ ಯಾರಾದರೂ ದೂರು ಕೊಟ್ಟರೆ ಅಂಗಡಿ ನಿನ್ನ ಖಾತೆಯನ್ನೇ ಮುಚ್ಚಬಹುದು, ಮೂರನೆಯದರ ಕಥೆ ಮೇಲೆ ಹೇಳಿದ್ದೇನೆ.

ಹಾಗಾದರೆ ಅಚ್ಚು ಎಲ್ಲಿ? ಕ್ವಿಕಿಂಕ್ ಇರೋದು ತಿರುಪ್ಪೂರಿನಲ್ಲಿ, ಪ್ರಿಂಟ್ರೋವ್ ಚೆನ್ನೈನಲ್ಲಿ. ಬಟ್ಟೆ ಅಲ್ಲೇ ಹೆಣೆಯೋದು, ಹಾಗಾಗಿ ಅದು ಸಹಜ. ಆದರೂ ದಾವಣಗೆರೆಯವನಿಗೆ ಇದು ಸ್ವಲ್ಪ ಚುಚ್ಚುತ್ತೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಊರು. ಕಾಟನ್ ಮಿಲ್ಲಿನ ಸೈರನ್ನಿಗೆ ಗಡಿಯಾರ ಸರಿ ಮಾಡ್ಕೊಳ್ತಿದ್ದ ಹಿರಿಯರು ಇನ್ನೂ ಇದ್ದಾರೆ. ಹರಿಹರದಲ್ಲಿ ಕಿರ್ಲೋಸ್ಕರ್ ಮಷೀನ್ ತಯಾರಿಸ್ತಿತ್ತು, ಅದೂ ಮುಚ್ಚಿತು. ಈಗ 'ದಾವಣಗೆರೆ' ಅಂತ ಬರೆದ ಅಂಗಿ ತಮಿಳುನಾಡಿನಲ್ಲಿ ಅಚ್ಚಾಗಿ ದಾವಣಗೆರೆಗೆ ಕೊರಿಯರ್‌ನಲ್ಲಿ ಬರ್ತದೆ. ನಗರದಲ್ಲೇ ಡಿಟಿಎಫ್ ಅಚ್ಚು ಹಾಕೋ ಅಂಗಡಿಗಳಿವೆ. ಬಹುಪಾಲು ಕಾಲೇಜು ಫೆಸ್ಟು, ಗಣೇಶೋತ್ಸವದ ಸಮಿತಿ, ಚುನಾವಣೆಯ ಕೆಲಸ. ಅವರಿಗೆ ಒಂದು ಅಂಗಿ ಹಾಕಿಕೊಡಿ ಅಂದರೆ ಮುಖ ನೋಡ್ತಾರೆ, ಇಪ್ಪತ್ತು ಅಂದರೆ ಕುರ್ಚಿ ಕೊಡ್ತಾರೆ. ಆದರೆ ಅಲ್ಲಿ ಅಕ್ಷರ ಒಡೆದರೆ ಆ ಹುಡುಗನೇ 'ಮೇಡಂ, ಒತ್ತು ಬಿಟ್ಟೋಗಿದೆ ನೋಡ್ರಿ' ಅಂತಾನೆ. ಈ ಪ್ರೂಫ್ ರೀಡಿಂಗ್‌ಗೆ ಯಾವ ಮಾರುಕಟ್ಟೆಯಲ್ಲೂ ರೇಟಿಂಗ್ ಇಲ್ಲ.

ನನ್ನ ತೀರ್ಪು ಕೇಳಿದರೆ, ದೊಡ್ಡ ಅಂಗಡಿಗಳನ್ನು ಕೊನೆಗೆ ಇಡಿ. ಮೊದಲು ಇನ್‌ಸ್ಟಾಗ್ರಾಂ ಪುಟ, ವಾಟ್ಸಾಪ್ ಕ್ಯಾಟಲಾಗ್, ಯುಪಿಐನಲ್ಲಿ ಮುಂಚೆ ದುಡ್ಡು. ದಾವಣಗೆರೆ-ಹರಿಹರದ ನಡುವೆ ಹದಿನೈದು ಕಿಲೋಮೀಟರ್ ಅಷ್ಟೇ, ಇಲ್ಲಿಯ ಆರ್ಡರ್ ಇಲ್ಲೇ ಅಚ್ಚಾಗಲಿ, ಹತ್ತು ಹತ್ತರ ಕಟ್ಟಿನಲ್ಲಿ. ಬೆಂಗಳೂರು ಮತ್ತು ಹೊರಗಿನದು ತಿರುಪ್ಪೂರಿನಿಂದ ಹೋಗಲಿ. ಫಾರಿನ್‌ಗೆ ಎಟ್ಸಿ. ಅಮೆಜಾನ್, ಫ್ಲಿಪ್‌ಕಾರ್ಟ್ ಬೇಕೇ ಬೇಕು ಅಂದರೆ ಆರು ತಿಂಗಳು ಆದ ಮೇಲೆ, ಯಾವ ಎರಡು ಚಿತ್ರ ನಿಜಕ್ಕೂ ಓಡ್ತವೆ ಅಂತ ಗೊತ್ತಾದ ಮೇಲೆ, ಅವೆರಡನ್ನೇ ಸ್ಟಾಕ್ ಮಾಡಿ ಹಾಕೋದು. ಅಲ್ಲಿಗೆ ಅದು ಪ್ರಿಂಟ್ ಆನ್ ಡಿಮ್ಯಾಂಡ್ ಆಗಿ ಉಳಿಯಲ್ಲ ಅನ್ನೋದು ನಿಜ. ಬೇಕಾಗಿಲ್ಲ.

ಇದಕ್ಕೆ ಬಲವಾದ ಎದುರು ಮಾತು ಒಂದಿದೆ: ಸ್ವಂತ ಪುಟವನ್ನು ಹುಡುಕಿಕೊಂಡು ಯಾರೂ ಬರಲ್ಲ. ದೊಡ್ಡ ಅಂಗಡಿಯಲ್ಲಿ ಕನಿಷ್ಠ ಜನಸಂದಣಿ ಇದೆ. ಒಪ್ತೀನಿ. ಇನ್‌ಸ್ಟಾಗ್ರಾಂ ಕೂಡ ಇನ್ನೊಬ್ಬನ ಕಟ್ಟೆಯೇ, ನಾಳೆ ಅವನು ತೋರಿಸೋದು ನಿಲ್ಲಿಸಿದರೆ ಕೇಳೋರಿಲ್ಲ. ಆದರೆ ವ್ಯತ್ಯಾಸ ಒಂದಿದೆ. ಅಲ್ಲಿ ಕೊಂಡವನ ಫೋನ್ ನಂಬರ್ ತಂಗಿಯ ಹತ್ತಿರ ಉಳೀತದೆ. ಮುಂದಿನ ದುಗ್ಗಮ್ಮನ ಜಾತ್ರೆಗೆ ಹೊಸ ಅಂಗಿ ಬಂದಾಗ ಅವಳೇ ಮೆಸೇಜ್ ಹಾಕಬಹುದು. ದೊಡ್ಡ ಅಂಗಡಿಯಲ್ಲಿ ಮಾರಿದ ನೂರು ಅಂಗಿಯ ಗಿರಾಕಿಗಳು ಅಂಗಡಿಯವರು, ಅವಳಿಗೆ ಉಳಿಯೋದು ಆರ್ಡರ್ ನಂಬರ್ ಮಾತ್ರ.

ಸದ್ಯಕ್ಕೆ ಜಿಎಸ್‌ಟಿ ನಂಬರ್ ಅವಳ ಹೆಸರಲ್ಲೇ ಬಂದಿದೆ. ಹನ್ನೆರಡರಲ್ಲಿ ಐದು ಚಿತ್ರ ಸ್ಯಾಂಪಲ್‌ಗೆ ಹೋಗಿವೆ. ಒಂದು ತೊಳೆತಕ್ಕಲ್ಲ, ಹತ್ತು ತೊಳೆತಕ್ಕೆ ಬಣ್ಣ ನಿಲ್ತದಾ ಅಂತ ನೋಡ್ತಿದಾಳೆ, ಅದೂ ವಾಷಿಂಗ್ ಮಷೀನಿನಲ್ಲಲ್ಲ, ಕಲ್ಲಿನ ಮೇಲೆ ಒಗೆದು. ಒಂದು ಮಾತು ನಿಮಗೂ ಸೇರಿಸಿ ಹೇಳ್ತೀನಿ: ಒಂದೊಂದೇ ಅಚ್ಚು ಹಾಕೋ ಅಂಗಿಗೆ ಅಚ್ಚು ಮತ್ತು ಕೊರಿಯರ್ ಸೇರಿ ವಾರ ಹಿಡೀತದೆ. ರಾಜ್ಯೋತ್ಸವಕ್ಕೆ ಬೇಕಾದರೆ ಅಕ್ಟೋಬರ್ 20ರೊಳಗೆ ಹೇಳಿ, ಸೈಜು ಅಳತೆ ಪಟ್ಟಿ ನೋಡಿ ಹೇಳಿ, ದುಡ್ಡು ಮುಂಚೆ ಹಾಕಿ.